ಸಂಪಾದಕರ ಉತ್ತರ: ಒಂದು ಮಾಲ್‌ಗೋಸ್ಕರ ಬೇಜಾರಾಗೋದು ತಪ್ಪಾ?

ಕೊಡಗಿನ ಸುಂಟಿಕೊಪ್ಪ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಹಾಕಿದ್ದಾರೆ, ಕೈಬರಹದಲ್ಲೇ, ಹೆಸರು ಬೇಡ ಅಂದಿದ್ದಾರೆ ಹಾಗಾಗಿ ಹಾಕಿಲ್ಲ. ವಿಷಯ ಇಷ್ಟು. ಸ್ಕೂಲು ಕಾಲೇಜಿನ ದಿನಗಳಲ್ಲಿ ವರ್ಷಕ್ಕೆ ಒಂದೆರಡು ಸಲ ಮನೆಯವರ ಜೊತೆ ಮೈಸೂರಿನ ಹೊರಗಡೆ ಇರೋ ಒಂದು ಮಾಲ್‌ಗೆ ಹೋಗ್ತಿದ್ರಂತೆ. ಮೊನ್ನೆ ಆಸ್ಪತ್ರೆ ಕೆಲಸಕ್ಕೆ ಮೈಸೂರಿಗೆ ಹೋದವರು ನೆನಪಾಗಿ ಒಳಗೆ ಹೊಕ್ಕಿದ್ದಾರೆ. ಅರ್ಧಕ್ಕರ್ಧ ಶಟರ್ ಎಳೆದಿದೆ, ಎಸ್ಕಲೇಟರ್ ನಿಂತಿದೆ, ಕಾರಂಜಿ ಇದ್ದ ತೊಟ್ಟಿಯಲ್ಲಿ ನೀರಿಲ್ಲ, ಅಲ್ಲಿ ಯಾರೋ ಮುರಿದ ಪ್ಲಾಸ್ಟಿಕ್ ಕುರ್ಚಿ ಒಂದರ ಮೇಲೊಂದು ಜೋಡಿಸಿಟ್ಟಿದ್ದಾರೆ. "ಸರ್, ಅಲ್ಲಿ ನಿಂತು ಕಣ್ಣಲ್ಲಿ ನೀರು ಬಂತು, ಆಮೇಲೆ ನನ್ನ ಮೇಲೆ ನನಗೇ ನಾಚಿಕೆ ಆಯ್ತು, ಒಂದು ಅಂಗಡಿ ಕಟ್ಟಡಕ್ಕೆ ಯಾರಾದ್ರೂ ಅಳ್ತಾರಾ? ನೀವು ಹೋದ ಸಂಚಿಕೆಯಲ್ಲಿ ಸಂತೆ ಬಗ್ಗೆ ಅಷ್ಟುದ್ದ ಬರೆದು ಮಾಲ್ ಅಂದ್ರೆ ಏಸಿ ಹಾಕಿದ ಗೋಡೌನ್ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ರಿ" ಅಂತ ಕೇಳಿದ್ದಾರೆ.

ಮೊದಲಿಗೆ ಆ ಸಾಲು. ಅದನ್ನ ಬರೆದಿದ್ದು ನಾನೇ, ಬರೆಯುವಾಗ ಜೋರಾಗಿದೆ ಅನ್ನಿಸಿತ್ತು, ಈಗ ನಿಮ್ಮ ಪತ್ರ ಓದಿದ ಮೇಲೆ ಓದಿದ್ರೆ ಸ್ವಲ್ಪ ಧಿಮಾಕು ಅನ್ನಿಸುತ್ತೆ. ಯಾಕಂದ್ರೆ ನಾನೂ ಹೋಗ್ತಿದ್ದೆ. ನೀವು ಹೇಳಿದ ಮಾಲ್‌ಗೇ ಇರಬಹುದು ಅಂತ ಅನುಮಾನ, ಆ ಗಾಜಿನ ಲಿಫ್ಟಿನ ವಿಷಯ ಬರೆದಿದ್ದೀರಲ್ಲ, ಅದರಲ್ಲಿ ನನ್ನ ಮಗಳು ಏಳು ಸಲ ಮೇಲೆ ಕೆಳಗೆ ಹೋಗಿ ಎಂಟನೇ ಸಲಕ್ಕೆ ಗಾರ್ಡ್ ಕೈಲಿ ಬೈಸ್ಕೊಂಡಿದ್ಲು.

ನಮ್ಮ ಕಡೆಯಿಂದ ಮಾಲ್‌ಗೆ ಹೋಗೋದು ಅಂದ್ರೆ ಬೆಂಗಳೂರಿನವರು ಸಂಜೆ ಆರಕ್ಕೆ ಚಪ್ಪಲಿ ಮೆಟ್ಕೊಂಡು ಹೋದ ಹಾಗಲ್ಲ. ಮಡಿಕೇರಿಯಿಂದ ಮೈಸೂರು ಹತ್ತತ್ರ 120 ಕಿಲೋಮೀಟರ್. ಬೆಳಿಗ್ಗೆ ಕತ್ತಲಲ್ಲೇ ಎದ್ದು, ಒಂದು ಟಿಫಿನ್ ಕ್ಯಾರಿಯರ್ ತುಂಬ ಕಡುಬೋ ಪುಳಿಯೋಗರೆಯೋ ಕಟ್ಕೊಂಡು, ಸುಂಟಿಕೊಪ್ಪ ದಾಟೋದ್ರೊಳಗೆ ಒಂದು ಮಗು ವಾಂತಿ ಮಾಡಿ, ಆನೆಕಾಡಲ್ಲಿ ಆನೆ ಕಾಣುತ್ತಾ ಅಂತ ಎಲ್ಲರೂ ಎಡಕ್ಕೆ ಬಲಕ್ಕೆ ನೋಡಿ, ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದ ಕೂಡಲೇ ಸ್ವೆಟರ್ ಬಿಚ್ಚಿ, ಬೈಲಕುಪ್ಪೆ ಪಿರಿಯಾಪಟ್ಟಣ ಹುಣಸೂರು ಒಂದೊಂದೇ ಊರು ಎಣಿಸ್ಕೊಂಡು ಹೋಗೋದು. ಕಾಫಿ ದುಡ್ಡು ಕೈಗೆ ಬಂದ ಮೇಲೆ, ಅಂದ್ರೆ ಕೊಯ್ಲು ಮುಗಿದು ಮಾರ್ಚ್ ಏಪ್ರಿಲ್ ಹೊತ್ತಿಗೆ, ಇಲ್ಲಾಂದ್ರೆ ಮನೆಯಲ್ಲಿ ಮದುವೆ ಇದ್ರೆ ಜವಳಿಗೆ. ಜವಳಿ ಸಯ್ಯಾಜಿರಾವ್ ರಸ್ತೆ ಕಡೆ ಮುಗಿಸಿ, ಹೂವು ಹಣ್ಣು ದೇವರಾಜ ಮಾರ್ಕೆಟ್ಟಲ್ಲಿ ತಗೊಂಡು, ಮಕ್ಕಳು ಗಲಾಟೆ ಮಾಡಿದ್ರು ಅಂತ ಕೊನೆಗೆ ಮಾಲ್. ಹಾಗಂತ ಹೇಳ್ತಿದ್ವಿ, ಮಕ್ಕಳ ಹೆಸರು ಹೇಳ್ಕೊಂಡು ನಾವೇ ಹೋಗ್ತಿದ್ದದ್ದು.

ಒಂದು ದೃಶ್ಯ ಹೇಳ್ಬೇಕು. ನನ್ನ ಸ್ನೇಹಿತನ ಅವ್ವ, ಕೊಡವ ಸೀರೆ ಬಿಟ್ಟು ಬೇರೆ ಉಟ್ಟವರೇ ಅಲ್ಲ. ಆ ಸೀರೆಯ ನೆರಿಗೆ ಹಿಂದಕ್ಕಲ್ವಾ ಇರೋದು. ಎಸ್ಕಲೇಟರ್ ಮುಂದೆ ನಿಂತು ಅವರು ಅದನ್ನ ಒಂದು ನಿಮಿಷ ನೋಡಿದ್ರು, ಮೆಟ್ಟಿಲು ಹಲ್ಲು ಕಡಿಯೋ ಹಾಗೆ ಒಳಗೆ ಹೋಗೋದನ್ನ, ಆಮೇಲೆ ಹಿಂದೆ ಕೈ ಹಾಕಿ ನೆರಿಗೆ ಮುಟ್ಟಿ ನೋಡ್ಕೊಂಡ್ರು. ಮುಂದೆ ನೆರಿಗೆ ಇರೋರು ಕಣ್ಣಿಗೆ ಕಾಣುತ್ತೆ ಎತ್ತಿ ಹಿಡ್ಕೋತಾರೆ, ನಮ್ಮದು ಹಿಂದೆ ಏನಾಗ್ತಿದೆ ಅಂತ ಯಾರಿಗೆ ಗೊತ್ತು, ನಾನು ಬರಲ್ಲ ನೀವು ಹೋಗಿ ಅಂತ ಕೆಳಗೇ ಕೂತ್ರು. ನಾವೆಲ್ಲ ಮೇಲೆ ಸುತ್ತಾಡಿ ಎರಡು ಗಂಟೆ ಆದ ಮೇಲೆ ಇಳಿದು ನೋಡಿದ್ರೆ ಅವ್ವ ಯಾವುದೋ ಮಂಡ್ಯದ ಹೆಂಗಸಿನ ಜೊತೆ ಬೆಂಚಲ್ಲಿ ಕೂತು ಪಾಪ್‌ಕಾರ್ನ್ ಹಂಚ್ಕೊಂಡು ತಿಂತಿದ್ರು. ವಾಪಸ್ ಬರ್ತಾ ಕಾರಲ್ಲಿ ಒಂದು ಮಾತು ಹೇಳಿದ್ರು, ಎಷ್ಟು ಹೊತ್ತು ಮಾತಾಡಿದ್ವಿ, ಆದ್ರೂ ಅವಳು ನನ್ನ ಮನೆಪೆದ, ಅಂದ್ರೆ ಮನೆತನದ ಹೆಸರು, ಕೇಳ್ಲೇ ಇಲ್ಲ ನೋಡು.

ನಿಮ್ಮ ಪ್ರಶ್ನೆಗೆ ನನ್ನ ಹತ್ರ ಇರೋ ಉತ್ತರ ಹೆಚ್ಚುಕಡಿಮೆ ಅಲ್ಲೇ ಇದೆ ಅನ್ಸುತ್ತೆ. ನಮ್ಮ ಜಿಲ್ಲೆ 4,102 ಚದರ ಕಿಲೋಮೀಟರ್, 2011ರ ಜನಗಣತಿ ಪ್ರಕಾರ ಇಡೀ ಜಿಲ್ಲೆಗೆ ಐದೂವರೆ ಲಕ್ಷ ಜನ. ಬೆಂಗಳೂರಿನ ಒಂದು ಮೂಲೆಯವರನ್ನ ತಂದು ಇಷ್ಟು ಗುಡ್ಡಕ್ಕೆ ಹರಡಿಟ್ಟ ಹಾಗೆ. ಇಲ್ಲಿ ಯಾರೂ ಅಪರಿಚಿತರಲ್ಲ. ಶುಕ್ರವಾರ ಮಡಿಕೇರಿ ಸಂತೆಗೆ ಹೋಗಿ ನೋಡಿ, ಒಣಮೀನು ತೂಗೋನು ನಿಮ್ಮ ಅಪ್ಪನ ಮಂಡಿನೋವು ಹೇಗಿದೆ ಅಂತಾನೆ, ತರಕಾರಿಯವಳು ಕೊನೆ ಮಗಂಗೆ ಇನ್ನೂ ಹೆಣ್ಣು ಸಿಗ್ಲಿಲ್ವಾ ಅಂತಾಳೆ, ಅಪ್ಪಿತಪ್ಪಿ ಹೊಸಬರು ಸಿಕ್ಕಿದ್ರೆ ಮೊದಲ ಪ್ರಶ್ನೆಯೇ ಯಾರ ಮನೆ, ಯಾವ ಊರು, ಯಾವ ತೋಟ. ಇದನ್ನೇ ನಾನು ಹೋದ ಸಂಚಿಕೆಯಲ್ಲಿ ಹೊಗಳಿ ಹೊಗಳಿ ಬರೆದಿದ್ದು, ಸಂಬಂಧ, ಆತ್ಮೀಯತೆ ಅಂತೆಲ್ಲ. ಅದು ಸುಳ್ಳಲ್ಲ. ಆದ್ರೆ ಹದಿನಾರು ಹದಿನೇಳು ವಯಸ್ಸಿನ ಹುಡುಗಿಗೆ ಆ ಆತ್ಮೀಯತೆ ಹೇಗಿರುತ್ತೆ ಅಂತ ನಾನು ಯೋಚನೆ ಮಾಡ್ಲಿಲ್ಲ. ನೀವೇ ಬರೆದಿದ್ದೀರಲ್ಲ, ಸುಂಟಿಕೊಪ್ಪ ಬಸ್‌ಸ್ಟ್ಯಾಂಡಲ್ಲಿ ಕ್ಲಾಸಿನ ಹುಡುಗನ ಹತ್ರ ಎರಡು ನಿಮಿಷ ಮಾತಾಡಿದ್ರೆ ಬಸ್ಸಿಗಿಂತ ಮುಂಚೆ ಸುದ್ದಿ ಮನೆ ತಲುಪ್ತಿತ್ತು ಅಂತ. ಆ ಮಾಲಲ್ಲಿ ನಿಮ್ಮನ್ನ ಯಾರೂ ಗುರುತು ಹಿಡೀತಿರಲಿಲ್ಲ. ಏನೂ ತಗೊಳ್ಳದೆ ಮೂರು ಫ್ಲೋರ್ ಸುತ್ತಬಹುದಿತ್ತು, ಜೀನ್ಸ್ ಟ್ರಯಲ್ ರೂಮಿಗೆ ತಗೊಂಡ್ಹೋಗಿ ಹಾಕ್ಕೊಂಡು ಕನ್ನಡಿ ನೋಡಿ ಅಲ್ಲೇ ಬಿಟ್ಟು ಬರಬಹುದಿತ್ತು, ನಿಮ್ಮ ಮನೆ ಹೆಸರು ಆ ಬಾಗಿಲ ಹೊರಗೇ ನಿಲ್ತಿತ್ತು. ಅದಕ್ಕೆ ಅಂಗಡಿ ಕಟ್ಟಡ ಅಂತ ನೀವೇ ಕಡಿಮೆ ಮಾಡ್ಕೊಂಡು ಹೇಳೋದು ಬೇಡ.

ಹಾಗಂತ ಅಲ್ಲಿ ಎಲ್ಲರಿಗೂ ಬಾಗಿಲು ತೆರೆದಿತ್ತು ಅಂತಾನೂ ಹೇಳಲಾರೆ. 1999ರಲ್ಲಿ ಮುಂಬೈಯಲ್ಲಿ ಕ್ರಾಸ್‌ರೋಡ್ಸ್ ಅಂತ ಶುರುವಾಯ್ತಲ್ಲ, ದೇಶದ ಮೊದಮೊದಲ ಮಾಲ್‌ಗಳಲ್ಲಿ ಅದೂ ಒಂದು, ಜನ ನುಗ್ಗಿದ್ದು ನೋಡಿ ಅವರು ಕ್ರೆಡಿಟ್ ಕಾರ್ಡೋ ಮೊಬೈಲೋ ತೋರಿಸಿದವರಿಗೆ ಮಾತ್ರ ಸಲೀಸು ಪ್ರವೇಶ ಅಂತ ಮಾಡಿದ್ರು, ಇಲ್ಲದವರು ದುಡ್ಡು ಕೊಟ್ಟು ಒಳಗೆ ಹೋಗ್ಬೇಕು. ಆಗ ಎಷ್ಟು ಜನರ ಹತ್ರ ಮೊಬೈಲ್ ಇತ್ತು ಹೇಳಿ. ನಮ್ಮ ಮೈಸೂರಿನ ಕಡೆ ಹಾಗೇನೂ ಇರಲಿಲ್ಲ, ಆದ್ರೂ ಗಾರ್ಡ್ ಕಣ್ಣು ಮೊದಲು ಹೋಗ್ತಿದ್ದದ್ದು ಚಪ್ಪಲಿ ಮೇಲೇ. ತೋಟದ ಲೈನ್ ಮನೆಗಳಲ್ಲಿ, ಅಂದ್ರೆ ಸಾಲು ಮನೆಗಳಲ್ಲಿ, ಇರೋ ಕೆಲಸದವರಿಗೆ ತೋಟಕ್ಕೆ ರಜೆ ಸಿಗೋದೇ ಸಂತೆ ದಿನ, ಅವರ ಪಾಲಿಗೆ ಪೇಟೆ ಅಂದ್ರೆ ಸಂತೆನೇ, ಆ ಮಾಲ್ ಇದ್ದಿದ್ದೂ ಗೊತ್ತಿಲ್ಲ ಹೋಗಿದ್ದೂ ಗೊತ್ತಿಲ್ಲ.

ಈಗ ಅದು ಯಾಕೆ ಹೀಗಾಯ್ತು ಅಂತ ಕೇಳಿದ್ದೀರಿ, ಎಲ್ಲ ಆನ್‌ಲೈನ್‌ನಿಂದನಾ ಅಂತ. ಸ್ವಲ್ಪ ಹೌದು. ಆದ್ರೆ ಬರೀ ಅದೇ ಆಗಿದ್ರೆ ಎಲ್ಲ ಮಾಲ್‌ಗಳೂ ಮುಚ್ಚಬೇಕಿತ್ತು, ಕೋರಮಂಗಲದಲ್ಲಿ 2004ರಲ್ಲಿ ಶುರುವಾದ ಫೋರಂ ಈಗ ನೆಕ್ಸಸ್ ಅಂತ ಹೆಸರು ಬದಲಾಯಿಸ್ಕೊಂಡು ಇವತ್ತಿಗೂ ನಡೀತಿದೆ. ನನಗೆ ಇದರ ಒಳಗುಟ್ಟು ಗೊತ್ತಾಗಿದ್ದು ನಮ್ಮ ಸಂಬಂಧಿಕರೊಬ್ಬರಿಂದ. ಅವರು ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಒಂದು ಮಾಲಲ್ಲಿ 200 ಚದರಡಿ ಅಂಗಡಿ ಕೊಂಡ್ರು, ಇಂತಿಷ್ಟು ಬಾಡಿಗೆ ಗ್ಯಾರಂಟಿ ಅಂತ ಕಾಗದದಲ್ಲಿ ಬರೆದುಕೊಟ್ಟಿದ್ರು. ಇದೇ ಎಡವಟ್ಟು. ಇಡೀ ಕಟ್ಟಡ ಒಬ್ಬನ ಕೈಲೇ ಇಟ್ಕೊಂಡು ಅಂಗಡಿಗಳನ್ನ ಬಾಡಿಗೆಗೆ ಕೊಡೋದು ಒಂದು ಪದ್ಧತಿ, ಅಂಗಡಿ ಅಂಗಡಿ ಮಾರಿ ಕೈ ತೊಳ್ಕೊಳ್ಳೋದು ಇನ್ನೊಂದು. ಮೊದಲನೇದ್ರಲ್ಲಿ ಯಾವ ಅಂಗಡಿ ಎಲ್ಲಿರಬೇಕು, ಚಪ್ಪಲಿ ಅಂಗಡಿ ಪಕ್ಕ ಏನು, ಯಾರು ಸರಿಯಾಗಿ ನಡೆಸ್ತಿಲ್ಲ ಅಂತ ನೋಡೋಕೆ ಒಬ್ಬ ಯಜಮಾನ ಇರ್ತಾನೆ. ಎರಡನೇದ್ರಲ್ಲಿ ನೂರು ಅಂಗಡಿಗೆ ನೂರು ಓನರ್, ಒಬ್ಬ ದುಬೈಯಲ್ಲಿ, ಒಬ್ಬ ಪಿರಿಯಾಪಟ್ಟಣದಲ್ಲಿ, ಒಬ್ಬ ತೀರ್ಕೊಂಡು ಮಕ್ಕಳ ಮಧ್ಯೆ ಕೇಸು. ಹತ್ತು ಜನ ಮೇಂಟೆನೆನ್ಸ್ ಕಟ್ಟೋದು ನಿಲ್ಲಿಸಿದ್ರೆ ಏಸಿ ಅರ್ಧ ದಿನ ಆಫ್, ಏಸಿ ಆಫ್ ಆದ್ರೆ ಜನ ಕಮ್ಮಿ, ಜನ ಕಮ್ಮಿ ಆದ್ರೆ ಇನ್ನೂ ಹತ್ತು ಜನ ಕಟ್ಟಲ್ಲ. ಗ್ಯಾರಂಟಿ ಬಾಡಿಗೆ ಎರಡು ವರ್ಷ ಬಂತು ಆಮೇಲೆ ಫೋನ್ ಎತ್ತೋರೇ ಇಲ್ಲ. ಅವರು ಹೇಳಿದ್ದು ನಾನು ಮರೆಯಲ್ಲ, ತೋಟದಲ್ಲಿ ಬೋರರ್, ಆ ಕಾಂಡ ಕೊರೆಯೋ ಹುಳ, ಬಂದ್ರೆ ಗಿಡ ಕಿತ್ತು ಸುಡ್ತೀನಿ ಕಣೋ, ಅಂಗಡಿನ ಏನ್ ಮಾಡ್ಲಿ.

ಬೋರರ್ ಅಂದಿದ್ದಕ್ಕೆ ನೆನಪಾಯ್ತು. ಮಾಲಲ್ಲಿ ಆಂಕರ್ ಅಂತ ಒಂದು ದೊಡ್ಡ ಅಂಗಡಿ ಇರುತ್ತೆ, ಸೂಪರ್‌ಮಾರ್ಕೆಟ್ಟೋ ದೊಡ್ಡ ಬಟ್ಟೆ ಅಂಗಡಿಯೋ, ಅದಕ್ಕೆ ಬಾಡಿಗೆ ಕಮ್ಮಿ, ಯಾಕಂದ್ರೆ ಜನರನ್ನ ಕರ್ಕೊಂಡು ಬರೋದೇ ಅದು, ಉಳಿದ ಚಿಕ್ಕ ಅಂಗಡಿಗಳು ಅದರ ನೆರಳಲ್ಲಿ ಬದುಕ್ತವೆ. ನಮ್ಮ ತೋಟದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ದೊಡ್ಡ ನೆರಳಿನ ಮರ ಒಂದು ಬಿದ್ರೆ ಬಿಸಿಲು ನೇರ ಅರೇಬಿಕಾ ಕಾಫಿ ಗಿಡದ ಕಾಂಡಕ್ಕೆ ಹೊಡೆಯುತ್ತೆ, ಬೋರರ್ ಬಂದು ಮೊಟ್ಟೆ ಇಡೋದು ಅಂಥ ಬಿಸಿಲು ಬಿದ್ದ ಗಿಡಕ್ಕೇ ಜಾಸ್ತಿ. 2022ರಲ್ಲಿ ದೇಶದ ತುಂಬ ಬಿಗ್ ಬಜಾರ್ ಬೋರ್ಡ್ ಇಳೀತಲ್ಲ, ಎಷ್ಟೋ ಊರಿನ ಮಾಲ್‌ಗಳಲ್ಲಿ ಅದೇ ದೊಡ್ಡ ಮರ ಆಗಿತ್ತು. ಅದಕ್ಕೆ ಎರಡು ವರ್ಷ ಮುಂಚೆ ಲಾಕ್‌ಡೌನ್‌ನಲ್ಲಿ ಎರಡು ತಿಂಗಳಿಗೂ ಜಾಸ್ತಿ ಶಟರ್ ಎಳೆದಿದ್ದವು, ಕೇಂದ್ರದವರು ಮಾಲ್ ತೆರೀಬಹುದು ಅಂತ ಬಿಟ್ಟಿದ್ದು 2020ರ ಜೂನ್ 8ರಿಂದ, ಅಷ್ಟರಲ್ಲಿ ನಿತ್ರಾಣ ಆಗಿದ್ದವು ಎದ್ದೇಳಲೇ ಇಲ್ಲ.

ಸಂತೆ ಯಾಕೆ ಎದ್ದಿತು ಹಾಗಾದ್ರೆ? ಅದಕ್ಕೆ ಏಸಿ ಬಿಲ್ ಇಲ್ಲ, ಅಷ್ಟೇ. ನಾಲ್ಕು ಗಳ, ಒಂದು ಟಾರ್ಪಲ್, ಸುಂಕ ಕಟ್ಟಿದ್ರೆ ಆಯ್ತು, ಜುಲೈ ಮಳೆಯಲ್ಲೂ ಕಣಿಲೆ, ಅಂದ್ರೆ ಎಳೆ ಬಿದಿರಿನ ಮೊಳಕೆ, ಮಾರೋನು ಕೊಡೆ ಹಿಡ್ಕೊಂಡು ಕೂತಿರ್ತಾನೆ. ಸೋಮವಾರಪೇಟೆ, ಶನಿವಾರಸಂತೆ, ಊರಿಗೆ ಊರೇ ವಾರದ ಹೆಸರಲ್ಲಿ ನಿಂತಿದೆ. ಇದನ್ನ ಹೋದ ಸಲವೇ ಬರೆದಾಗಿದೆ ಮತ್ತೆ ಕೊರೆಯಲ್ಲ.

ಇನ್ನೊಂದು, ನಿಮಗೆ ಸಮಾಧಾನ ಆಗುತ್ತೋ ಇಲ್ವೋ. ಈಗಿನ ತರದ, ಪೂರ್ತಿ ಮುಚ್ಚಿದ, ಒಳಗೆ ಹವೆ ನಿಯಂತ್ರಣ ಇರೋ ಮಾಲ್ ಮೊದಲು ಶುರುವಾಗಿದ್ದು 1956ರಲ್ಲಿ, ಅಮೆರಿಕದ ಮಿನೆಸೋಟದಲ್ಲಿ, ಹೆಸರು ಸೌತ್‌ಡೇಲ್. ಕಟ್ಟಿದ ಆರ್ಕಿಟೆಕ್ಟ್ ವಿಕ್ಟರ್ ಗ್ರೂಯೆನ್, ವಿಯೆನ್ನಾದವರು, 1938ರಲ್ಲಿ ಹಿಟ್ಲರ್ ಕಾಲದಲ್ಲಿ ಊರು ಬಿಟ್ಟು ಹೋದವರು. ಆ ಹೊರವಲಯಗಳಲ್ಲಿ ಕಾರು ಬಿಟ್ರೆ ಏನಿಲ್ಲ, ಜನ ನಡೆದಾಡಿ ಒಬ್ಬರಿಗೊಬ್ಬರು ಸಿಗೋ ಜಾಗವೇ ಇಲ್ಲ, ತನ್ನೂರಿನ ಚೌಕದ ತರದ್ದು ಒಂದು ಬೇಕು, ಸುತ್ತ ಮನೆ ಶಾಲೆ ಆಸ್ಪತ್ರೆ ಎಲ್ಲ ಇರಬೇಕು ಅಂತ ಅವರ ಲೆಕ್ಕ. ಅಂಗಡಿ ಕಟ್ಟಿದ್ರು, ಉಳಿದದ್ದು ಅವರು ಅಂದ್ಕೊಂಡ ಹಾಗೆ ಬರಲೇ ಇಲ್ಲ, ಸುತ್ತ ಬರೀ ಪಾರ್ಕಿಂಗ್. ಕೊನೆಗಾಲದಲ್ಲಿ ವಿಯೆನ್ನಾಗೇ ವಾಪಸ್ ಹೋಗಿ ಇವೆಲ್ಲ ನನ್ನ ಮಕ್ಕಳಲ್ಲ ಅನ್ನೋ ಧಾಟಿಯಲ್ಲಿ ಮಾತಾಡಿ 1980ರಲ್ಲಿ ತೀರ್ಕೊಂಡ್ರು. ಅಂದ್ರೆ ಮಾಲ್ ಕಂಡು ಬೇಜಾರಾದವರಲ್ಲಿ ಕಟ್ಟಿದವರೇ ಮೊದಲಿಗರು ಮಾರಾಯ್ರೆ, ನಿಮ್ಮ ಮುಂದೆ ಲೈನಲ್ಲಿ ಬಹಳ ಜನ ಇದ್ದಾರೆ.

ನನ್ನ ಮೇಜಿನ ಡ್ರಾಯರಲ್ಲಿ ಒಂದು ಫುಡ್‌ಕೋರ್ಟ್ ಕಾರ್ಡ್ ಇದೆ. ದುಡ್ಡು ತುಂಬಿಸ್ಕೊಂಡು ದೋಸೆಗೊಂದು ಸಲ ಜ್ಯೂಸಿಗೊಂದು ಸಲ ತೋರಿಸ್ತಿದ್ವಲ್ಲ, ಅದೇ. 40 ರೂಪಾಯಿ ಬ್ಯಾಲೆನ್ಸ್ ಇತ್ತು, ವಾಪಸ್ ಕೇಳೋಕೆ ಹೋದಾಗ ಕೌಂಟರಲ್ಲಿ ಊಟಕ್ಕೆ ಹೋಗಿದ್ದಾರೆ ಅಂತ ಬೋರ್ಡು, ನಮ್ಮ ಕಡೆ ಕೊನೇ ಬಸ್ ತಪ್ಪುತ್ತೆ ಅಂತ ಹೊರಟುಬಿಟ್ವಿ, ಮುಂದಿನ ಸಲ ತಗೊಂಡ್ರಾಯ್ತು ಅಂತ. ನಿಮ್ಮ ಪತ್ರ ಬಂದ ದಿನ ತೆಗೆದು ನೋಡಿದೆ, ಹಿಂದಿನ ಕಪ್ಪು ಪಟ್ಟಿ ಎಲ್ಲ ಬೆಳ್ಳಗಾಗಿದೆ, ಮುಂದೆ ಮಗಳು ಬಾಲ್‌ಪೆನ್ನಲ್ಲಿ ಬರೆದ ಅವಳ ಹೆಸರು ಮಾತ್ರ ಇದೆ. ಬರೀ ಹೆಸರು, ಮನೆ ಹೆಸರು ಹಾಕಿಲ್ಲ.

ನಿಮ್ಮ ಪತ್ರದ ಎರಡನೇ ಮೂರನೇ ಪುಟ, ನಿಮ್ಮಪ್ಪ ಟ್ರಯಲ್ ರೂಮ್ ಹೊರಗೆ ಕೊಡೆ ಹಿಡ್ಕೊಂಡು ನಿಂತಿದ್ದ ಭಾಗ, ಮುಂದಿನ ಸಂಚಿಕೆಗೆ ಹಾಕೋಣ ಅಂತಿದ್ದೀನಿ, ಒಪ್ಪಿಗೆ ಇದ್ರೆ ಹೇಳಿ. ಆ ಕಾಲದ ಫೋಟೋ ಏನಾದ್ರೂ ಇದ್ರೆ ಮಡಿಕೇರಿಗೆ ಬಂದಾಗ ಆಫೀಸಿಗೆ ತನ್ನಿ, ಸ್ಕ್ಯಾನ್ ಮಾಡಿ ವಾಪಸ್ ಕೊಡ್ತೀವಿ. ಶುಕ್ರವಾರ ಮಾತ್ರ ಬೇಡ, ಮಧ್ಯಾಹ್ನದ ಮೇಲೆ ಯಾರೂ ಇರಲ್ಲ, ಎಲ್ಲ ಸಂತೆಗೆ ಹೋಗಿರ್ತೀವಿ.