ಶಾಲಾ ಮಕ್ಕಳ ಕಣ್ಣಿಗೆ ಡ್ರಗ್ಸ್ ಸೇವಿಸುವವರು ಹೇಗೆ ಕಾಣುತ್ತಾರೆ?

ಸಾಮಾನ್ಯವಾಗಿ ಚಿಕ್ಕ ಮಕ್ಕಳಿಗೆ ಅವರು ಗುರುತಿಲ್ಲದ 'ಕೆಟ್ಟವರು'. ಹೈಸ್ಕೂಲಿಗೆ ಬರುವ ಹೊತ್ತಿಗೆ ಆ ಚಿತ್ರ ಸಡಿಲವಾಗುತ್ತದೆ.

ಇಂಗ್ಲೆಂಡಿನಲ್ಲಿ ಇದನ್ನು ತಿಳಿಯಲು ಒಂದು ಚೆಂದದ ವಿಧಾನ ಬಳಸಿದ್ದರು. ದಾರಿಯಲ್ಲಿ ಡ್ರಗ್ಸ್ ಇರುವ ಚೀಲ ಸಿಕ್ಕಿತು ಎಂದು ಕತೆ ಹೇಳಿ, ಒಳಗೇನಿದೆ, ಬಿಟ್ಟುಹೋದವರು ಯಾರು ಎಂದು ಮಕ್ಕಳಿಂದ ಚಿತ್ರ ಬರೆಸುವುದು. ತೀರಾ ಚಿಕ್ಕವರಿಗೆ ಮಾತ್ರೆ, ಔಷಧಿ, ಡ್ರಗ್ಸ್ ಎಲ್ಲ ಕಲಸಿಹೋಗುತ್ತವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ತಾನೆ! (ನಮ್ಮ ಮೆಡಿಕಲ್ ಶಾಪಿನ ಬೋರ್ಡಿನ ಮೇಲೂ 'ಡ್ರಗ್ಗಿಸ್ಟ್ಸ್' ಅಂತಲೇ ಇರುತ್ತದೆ.)

ಚಿಕ್ಕವರಿಗೆ ಡ್ರಗ್ಸ್ ಸೇವಿಸುವವರು 'ಕೆಟ್ಟವರು' ಎಂದು ಕಾಣಲು ಒಂದು ಕಾರಣ ಇದು: ಆ ವಯಸ್ಸಿನಲ್ಲಿ ಕೆಲಸವನ್ನೂ ಮನುಷ್ಯನನ್ನೂ ಬೇರೆ ಮಾಡಿ ನೋಡಲು ಸುಲಭವಾಗಿ ಬರುವುದಿಲ್ಲ. ಕೆಟ್ಟ ಕೆಲಸ ಮಾಡಿದವನು ಪೂರ್ತಿ ಕೆಟ್ಟವನು, ನೋಡಲೂ ಭಯಂಕರ. ತೊಂದರೆ ಆಮೇಲೆ. ಗಾಂಜಾ ಮೊದಲು ಕೈಗೆ ಬರುವುದು ಹೆಚ್ಚಾಗಿ ಪರಿಚಿತರಿಂದ, ಜೊತೆಗೆ ಕ್ರಿಕೆಟ್ ಆಡುವ ಗೆಳೆಯನಿಂದಲೂ ಇರಬಹುದು. ಅವನು ಆ ರಾಕ್ಷಸನ ಚಿತ್ರಕ್ಕೆ ಹೊಂದುವುದೇ ಇಲ್ಲ. 'ಹಾಗಾದರೆ ದೊಡ್ಡವರು ಹೇಳಿದ್ದೆಲ್ಲ ಸುಳ್ಳು' ಅನ್ನಿಸಿಬಿಡುತ್ತದೆ. ಹೆದರಿಸುವ ಪೋಸ್ಟರುಗಳು ಹೆಚ್ಚು ಕೆಲಸ ಮಾಡದಿರಲು ಇದೂ ಒಂದು ಕಾರಣ ಎಂಬುದು ನನ್ನ ಅನಿಸಿಕೆ.