ಪುಕ್ಕಟೆ ಹಂಚಿದರೂ ತಪ್ಪೇ?

ಹಳೆಯ ವಿಡಿಯೊ ಗೇಮ್ ಒಂದನ್ನು ಗೆಳೆಯರೊಂದಿಗೆ ಹೊಸದಾಗಿ ಕಟ್ಟಿ ಪುಕ್ಕಟೆ ಹಂಚಿದರೆ ತಪ್ಪೇ ಎಂದು ಕೇಳಿದ್ದೀರಿ. ಪುಕ್ಕಟೆ ಎಂಬುದು ಗುರಾಣಿಯಾಗದು. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ರೂಪಾಂತರದ ಹಕ್ಕೂ ಮಾಲೀಕರದೇ. 2016ರಲ್ಲಿ ಅಭಿಮಾನಿಯೊಬ್ಬರು ವರ್ಷಗಟ್ಟಲೆ ದುಡಿದು ‘ಮೆಟ್ರಾಯ್ಡ್ 2’ರ ಮರುರೂಪ ಬಿಡುಗಡೆ ಮಾಡಿದರು, ಮೂಲ ಆಟದ ಮಾಲೀಕ ಕಂಪನಿ ನಿಂಟೆಂಡೊ ಅದನ್ನು ಕೆಲವೇ ದಿನಗಳಲ್ಲಿ ತೆಗೆಸಿಹಾಕಿತು. ಮರುವರ್ಷ ತನ್ನದೇ ಮರುರೂಪವನ್ನು ಮಾರಾಟಕ್ಕೆ ತಂದಿತು! ವಾಲ್ವ್ ಕಂಪನಿ ತನ್ನ ‘ಹಾಫ್-ಲೈಫ್’ ಆಟಕ್ಕೆ ಅಭಿಮಾನಿಗಳು ಕಟ್ಟಿದ ಮರುರೂಪ ‘ಬ್ಲ್ಯಾಕ್ ಮೆಸಾ’ವನ್ನು ಮಾರಲೂ ಬಿಟ್ಟಿತು, ನಿಜ. ಅದು ಅವರ ದೊಡ್ಡತನ, ನಮ್ಮ ಹಕ್ಕಲ್ಲ.

ನೀತಿಯ ಮಾತು ಬೇರೆ. ತುಮಕೂರಿನ ಬಿ.ಎಚ್. ರಸ್ತೆಯ ಸೈಬರ್ ಸೆಂಟರಿನಲ್ಲಿ ಗಂಟೆಗೆ 10 ರೂಪಾಯಿ ಕೊಟ್ಟು ನಾನು ಆಡಿದ ಎಷ್ಟೋ ಆಟಗಳು ಈಗ ಕೊಳ್ಳಲೂ ಸಿಗುವುದಿಲ್ಲ. ಅವನ್ನು ಉಳಿಸುವವರನ್ನು ಕಳ್ಳರೆನ್ನಲು ನನಗೆ ಬಾಯಿ ಬಾರದು.

ಆಟದ ನಿಯಮಕ್ಕೆ ಕೃತಿಸ್ವಾಮ್ಯವಿಲ್ಲ. ಹೆಸರು, ಚಿತ್ರ, ಸಂಗೀತ ಬದಲಿಸಿ, ಕೋಡನ್ನು ನೀವೇ ಬರೆಯಿರಿ. ನಾಯಕನನ್ನು ದೇವರಾಯನದುರ್ಗದ ಬೆಟ್ಟ ಹತ್ತಿಸಿ.