46 ವರ್ಷ, 7 ಮಿಲಿಮೀಟರ್ ಪ್ಯಾಪಿಲ್ಲರಿ ಥೈರಾಯ್ಡ್ ಕ್ಯಾನ್ಸರ್. ಪೂರ್ತಿ ಥೈರಾಯ್ಡ್ ತೆಗೆಸಲು ಮಂಗಳೂರು ಒಳ್ಳೆಯದೋ ಮಣಿಪಾಲವೋ?

ಊರಿನ ಮಾತು ಆಮೇಲೆ. ಬರುವ ವಾರವೇ ಆಪರೇಷನ್ ಆಗಬೇಕು, ಪೂರ್ತಿ ತೆಗೆಸಬೇಕು ಎಂದು ತೀರ್ಮಾನಿಸಿಕೊಂಡು ನೀವು ಆಸ್ಪತ್ರೆ ಯಾವುದೆಂದು ಮಾತ್ರ ಕೇಳುತ್ತಿದ್ದೀರಿ. ನಾನೂ ಹೀಗೇ ಮಾಡಿದ್ದೆ.

ನನ್ನದು 9 ಮಿಲಿಮೀಟರ್, ಬಲಗಡೆ. ಕಾಪುವಿನಲ್ಲಿ ಮನೆ, ಸುರತ್ಕಲ್ ಕಡೆಯ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಕುತ್ತಿಗೆ ನೋವೆಂದು ಸ್ಕ್ಯಾನ್ ಮಾಡಿಸಿದಾಗ ಕಂಡ ಗಂಟು ಅದು. ನೋವಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಸೂಜಿ ಪರೀಕ್ಷೆಯ ರಿಪೋರ್ಟಿನಲ್ಲಿ ‘ಬೆಥೆಸ್ಡಾ 6’ ಎಂದಿತ್ತು. ಆರು ಅಂದರೆ ಕ್ಯಾನ್ಸರಿನ ಕೊನೆಯ ಹಂತ ಎಂದು ಮನೆಯಲ್ಲಿ ಗೋಳೋ ಎಂದರು. ಹಂತಕ್ಕೂ ಆ ಅಂಕಿಗೂ ಸಂಬಂಧವಿಲ್ಲ. ಸೂಜಿಯಲ್ಲಿ ಬಂದ ಜೀವಕೋಶಗಳು ಕ್ಯಾನ್ಸರಿನವೇ ಎಂದಷ್ಟೇ ಅದು ಹೇಳುತ್ತದೆ. ನಿಮ್ಮ ರಿಪೋರ್ಟಿನಲ್ಲೂ ಅದೇ ಇದ್ದರೆ ಅಮ್ಮನಿಗೆ ಮೊದಲು ಇದನ್ನು ಹೇಳಿ, ಪಾಪ, ಅವರು ಊಟ ಬಿಟ್ಟಿದ್ದಾರೆ ಎಂದು ಬರೆದಿದ್ದೀರಿ.

ನನ್ನ ಸರ್ಜನ್ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದ್ದರು. ಬಲಭಾಗ ತೆಗೆದರೆ ಸಾಕು, ಎಡಭಾಗದಲ್ಲಿ ಏನೂ ಇಲ್ಲ, ಲಿಂಫ್ ಗ್ರಂಥಿಗಳಿಗೂ ಹರಡಿಲ್ಲ ಎಂದರು. ನಾನು ಒಪ್ಪಲಿಲ್ಲ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಆ ಹೊತ್ತಿಗೆ ನನಗೆ ಅದು ತಪ್ಪು ಅನ್ನಿಸಲೇ ಇಲ್ಲ, ಜವಾಬ್ದಾರಿಯ ನಿರ್ಧಾರ ಅನ್ನಿಸಿತ್ತು. ಮುಂಬಯಿಯಿಂದ ಅತ್ತಿಗೆ ಫೋನ್ ಮಾಡಿ, “ಅರ್ಧ ಬಿಟ್ಟರೆ ಅದರಲ್ಲಿ ಮತ್ತೆ ಬರುವುದಿಲ್ಲವಾ? ಬುಡಸಮೇತ ತೆಗೆಸಿಬಿಡು, ಮತ್ತೆ ಚಿಂತೆ ಬೇಡ” ಎಂದರು. ಅಮ್ಮನಿಗೆ ನೆರೆಮನೆಯವರ ಸ್ತನ ಕ್ಯಾನ್ಸರ್ ಮರುಕಳಿಸಿದ್ದು ನೆನಪಿತ್ತು. ನನಗೂ ಅದೇ ಲೆಕ್ಕ: ಹೆಚ್ಚು ತೆಗೆದಷ್ಟೂ ಹೆಚ್ಚು ಸುರಕ್ಷಿತ. ಡಾಕ್ಟರ ಹತ್ತಿರ ಹಟ ಹಿಡಿದು, ಎರಡೂ ಕಡೆ ತೆಗೆಯಿರಿ ಎಂದೆ. ಅವರು ಮತ್ತೊಮ್ಮೆ ವಿವರಿಸಿದರು, ನಾನು ಮತ್ತೊಮ್ಮೆ ಅದನ್ನೇ ಹೇಳಿದೆ.

ಪೂರ್ತಿ ತೆಗೆಯುವುದರಿಂದ ನನಗೇನು ಲಾಭ ಎಂದು ಒಂದು ಸಲವೂ ಕೇಳಲಿಲ್ಲ. ಪೂರ್ತಿ ತೆಗೆದರೆ ಆಮೇಲೆ ಅಳಿದುಳಿದ ಥೈರಾಯ್ಡ್ ಕೋಶಗಳನ್ನು ಸುಡುವ ರೇಡಿಯೊ ಅಯೋಡಿನ್ ಕೊಡುವುದಕ್ಕೂ, ಥೈರಾಯ್ಡ್ ಕೋಶಗಳು ಮಾಡುವ ಥೈರೊಗ್ಲೋಬ್ಯುಲಿನ್ ಎಂಬ ಪ್ರೋಟೀನನ್ನು ರಕ್ತದಲ್ಲಿ ನೋಡಿ ರೋಗ ಮರಳಿದೆಯೇ ಎಂದು ತಿಳಿಯುವುದಕ್ಕೂ ಅನುಕೂಲ. ಆದರೆ ನನ್ನಂಥ ಸಣ್ಣ ಗಂಟಿಗೆ ರೇಡಿಯೊ ಅಯೋಡಿನ್ ಬೇಕಾಗಿಯೇ ಇರಲಿಲ್ಲ. ಫ್ರಾನ್ಸಿನಲ್ಲಿ ಕಡಿಮೆ ಅಪಾಯದ 776 ರೋಗಿಗಳನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಅದನ್ನು ಕೊಟ್ಟು, ಇನ್ನೊಂದಕ್ಕೆ ಕೊಡದೆ ನೋಡಿದರು. 2022ರಲ್ಲಿ ಫಲಿತಾಂಶ ಬಂತು, ಮೂರು ವರ್ಷದ ಮೇಲೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ಅವರದ್ದು ಪೂರ್ತಿ ಗ್ರಂಥಿ ತೆಗೆಸಿಕೊಂಡವರ ಗುಂಪು, ನನ್ನದಕ್ಕಿಂತ ದೊಡ್ಡ ಗಂಟಿನವರೂ ಇದ್ದರು. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಹೇಳಿತ್ತು: 1 ಸೆಂಟಿಮೀಟರಿಗಿಂತ ಸಣ್ಣದು, ಗ್ರಂಥಿಯ ಹೊರಗೆ ಹೋಗಿಲ್ಲ, ಲಿಂಫ್ ಗ್ರಂಥಿಯಲ್ಲಿ ಇಲ್ಲ ಎಂದಾದರೆ, ಆಪರೇಷನ್ ಮಾಡುವುದಾದರೂ ಒಂದು ಭಾಗ ತೆಗೆದರೆ ಸಾಕು. 1ರಿಂದ 4 ಸೆಂಟಿಮೀಟರಿನವರೆಗೂ ಎಷ್ಟೋ ಜನರಿಗೆ ಅರ್ಧವೇ ಸಾಕಾಗಬಹುದು ಎಂದೂ ಅದರಲ್ಲಿದೆ. ನನ್ನ ಸರ್ಜನ್ ಚೀಟಿಯ ಹಿಂದೆ ಬರೆದದ್ದು ಇದನ್ನೇ.

ಥೈರಾಯ್ಡಿನ ಬೆನ್ನಿಗೆ ಏನು ಅಂಟಿಕೊಂಡಿದೆ ಎಂದೂ ಕೇಳಲಿಲ್ಲ. ಅಲ್ಲಿ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ, ಕುಚ್ಚಲಕ್ಕಿ ಕಾಳಿನಷ್ಟು. ರಕ್ತದ ಕ್ಯಾಲ್ಸಿಯಂ ಅವುಗಳ ಕೈಯಲ್ಲಿದೆ. ಥೈರಾಯ್ಡಿಗೆ ರಕ್ತ ಕೊಡುವ ನಾಳಗಳೇ ಅವಕ್ಕೂ ಕೊಡುತ್ತವೆ, ಹಾಗಾಗಿ ಒಳ್ಳೆಯ ಕೈಯಲ್ಲೂ ಅವು ಒಣಗಿಹೋಗಬಹುದು. ಒಂದೇ ಕಡೆ ತೆಗೆದರೆ ಇನ್ನೊಂದು ಕಡೆಯ ಎರಡು ಹಾಗೇ ಉಳಿಯುತ್ತವೆ, ಅಷ್ಟು ಸಾಕು. ಧ್ವನಿಯ ನರವೂ ಹೀಗೆಯೇ, ಎಡಕ್ಕೊಂದು ಬಲಕ್ಕೊಂದು. ಎರಡೂ ಕಡೆ ಕತ್ತಿ ಹೋದರೆ ಎರಡೂ ನರ ಅಪಾಯದಲ್ಲಿ.

ಆಪರೇಷನ್ನಿನ ಮರುದಿನ ರಾತ್ರಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜೋಮು ಶುರುವಾಯಿತು. ಉಪವಾಸ ಇದ್ದದ್ದಕ್ಕೆ ಎಂದುಕೊಂಡೆ. ಸಿಸ್ಟರ್ ಬಿಪಿ ನೋಡಲು ಪಟ್ಟಿ ಬಿಗಿದದ್ದೇ ತಡ, ಮಣಿಕಟ್ಟು ಬಾಗಿ ಬೆರಳುಗಳೆಲ್ಲ ಸೆಟೆದು ಒಟ್ಟಾದವು. ಬಿಡಿಸಲು ಬರಲಿಲ್ಲ. ಅವರು ಓಡಿಹೋಗಿ ಡ್ಯೂಟಿ ಡಾಕ್ಟರನ್ನು ಕರೆತಂದು ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡಿಸಿದರು. ಹೆಚ್ಚಿನವರಿಗೆ ಈ ಕ್ಯಾಲ್ಸಿಯಂ ಕೊರತೆ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ನನಗೆ ವರ್ಷ ದಾಟಿದರೂ ಸರಿಹೋಗಲಿಲ್ಲ, ಇನ್ನು ಹೋಗುವುದೂ ಇಲ್ಲ. ಬೆಳಿಗ್ಗೆ ಬರಿಹೊಟ್ಟೆಗೆ ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ಅದಾಗಿ ನಾಲ್ಕು ಗಂಟೆ ಕಳೆಯದೆ ಕ್ಯಾಲ್ಸಿಯಂ ತಿನ್ನುವ ಹಾಗಿಲ್ಲ, ಮೇಲಿಂದ ಕ್ಯಾಲ್ಸಿಟ್ರಿಯಾಲ್ ಎಂಬ ವಿಟಮಿನ್ ಡಿ ಮಾತ್ರೆ. ಹೊಟ್ಟೆ ಕೆಟ್ಟು ಮಾತ್ರೆ ಒಳಗೆ ನಿಲ್ಲದ ದಿನ ಬೋರ್ಡಿನ ಮೇಲೆ ಬರೆಯುತ್ತಿರುವಾಗಲೇ ಕೈ ಸೆಟೆದುಕೊಳ್ಳುತ್ತದೆ. ಕ್ಯಾನ್ಸರ್ ನನಗೆ ಒಂದು ದಿನವೂ ಕಷ್ಟ ಕೊಡಲಿಲ್ಲ. ಕೊಡುತ್ತಿರುವುದು ನಾನು ಹಟ ಹಿಡಿದು ಕೇಳಿ ಪಡೆದ ಇನ್ನರ್ಧ ಆಪರೇಷನ್.

ದಕ್ಷಿಣ ಕೊರಿಯಾದಲ್ಲಿ ಇದೇ ಕಥೆ ಇಡೀ ದೇಶಕ್ಕೆ ಆಯಿತು. 1999ರ ನಂತರ ಅಲ್ಲಿ ಬೇರೆ ಕ್ಯಾನ್ಸರ್‌ಗಳ ಸರ್ಕಾರಿ ತಪಾಸಣೆಯ ಜೊತೆಗೆ ಥೈರಾಯ್ಡ್ ಸ್ಕ್ಯಾನ್ ಮಾಡಿಸುವುದು ರೂಢಿಯಾಯಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ 1993ರ 15 ಪಟ್ಟಾಗಿತ್ತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಆಪರೇಷನ್ ಆದ 15 ಸಾವಿರಕ್ಕೂ ಹೆಚ್ಚು ಜನರ ವಿಮಾ ದಾಖಲೆ ತೆಗೆದು ನೋಡಿದಾಗ ಶೇ. 11 ಮಂದಿಗೆ ನನ್ನ ಹಾಗೆ ಪ್ಯಾರಾಥೈರಾಯ್ಡ್ ಕೊರತೆ, ಶೇ. 2 ಮಂದಿಗೆ ಧ್ವನಿತಂತುವಿನ ಪಾರ್ಶ್ವವಾಯು.

ಇನ್ನು ಜಪಾನಿನ ಕೋಬೆ. ಅಲ್ಲಿನ ಕುಮಾ ಆಸ್ಪತ್ರೆಯಲ್ಲಿ ಡಾ. ಅಕಿರಾ ಮಿಯಾವುಚಿ ಅವರ ಸಲಹೆಯಂತೆ 1993ರಿಂದ ಇಂಥ ಸಣ್ಣ ಗಂಟುಗಳನ್ನು ಕತ್ತರಿಸದೆ, ಸ್ಕ್ಯಾನ್ ಮಾಡುತ್ತಾ ಕಾದು ನೋಡುತ್ತಾರೆ. 2014ರಲ್ಲಿ ಪ್ರಕಟಿಸಿದ 1,235 ರೋಗಿಗಳ ಲೆಕ್ಕದಲ್ಲಿ, ಹತ್ತು ವರ್ಷದಲ್ಲಿ ಗಂಟು 3 ಮಿಲಿಮೀಟರಾದರೂ ಬೆಳೆದದ್ದು ಶೇ. 8 ಮಂದಿಗೆ, ಲಿಂಫ್ ಗ್ರಂಥಿಯಲ್ಲಿ ಕಾಣಿಸಿಕೊಂಡದ್ದು ಶೇ. 3.8 ಮಂದಿಗೆ. ಆ ಗುಂಪಿನಲ್ಲಿ ಥೈರಾಯ್ಡ್ ಕ್ಯಾನ್ಸರಿನಿಂದ ಒಬ್ಬರೂ ಸಾಯಲಿಲ್ಲ. 40ರ ಒಳಗಿನವರಲ್ಲಿ ಬೆಳವಣಿಗೆ ಹೆಚ್ಚು, 60 ದಾಟಿದವರಲ್ಲಿ ತೀರಾ ಕಡಿಮೆ. ನಿಮ್ಮ 46 ನಡುವಿನದು. ಕಾದು ನೋಡುವುದು ಬೇಡ ಎನ್ನಿಸಿದರೆ ಬೇಡ, ಆದರೆ ಆ ದಾರಿ ಇದೆ ಎಂದು ಗೊತ್ತಿದ್ದೂ ಬೇಡ ಎನ್ನಿ.

ಗಂಟು ಶ್ವಾಸನಾಳಕ್ಕೋ ಧ್ವನಿಯ ನರಕ್ಕೋ ತಾಗಿದ್ದರೆ, ಲಿಂಫ್ ಗ್ರಂಥಿಗೆ ಹೋಗಿದ್ದರೆ, ದನಿ ಒಡೆದಿದ್ದರೆ, ಅಥವಾ ಅದು ಪ್ಯಾಪಿಲ್ಲರಿ ಅಲ್ಲದೆ ಮೆಡ್ಯುಲರಿ ಎಂಬ ಬೇರೆ ಜಾತಿಯ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ನಾನು ಹೇಳಿದ್ದು ನಿಮಗೆ ಹೊಂದುವುದಿಲ್ಲ. ಆಗ ಡಾಕ್ಟರು ಪೂರ್ತಿ ಎಂದರೆ ಪೂರ್ತಿಯೇ.

ಮಂಗಳೂರೋ ಮಣಿಪಾಲವೋ? ಎರಡೂ ಕಡೆ ಮೆಡಿಕಲ್ ಕಾಲೇಜುಗಳಿವೆ, ಒಳ್ಳೆಯ ಸರ್ಜನ್‌ಗಳಿದ್ದಾರೆ. ನೀವು ಕಟ್ಟಡ ಆರಿಸಬೇಡಿ, ಕೈ ಆರಿಸಿ. ಅಮೆರಿಕದಲ್ಲಿ ಪೂರ್ತಿ ಥೈರಾಯ್ಡ್ ತೆಗೆಸಿಕೊಂಡ ಸುಮಾರು 17 ಸಾವಿರ ರೋಗಿಗಳ ದಾಖಲೆ ನೋಡಿದಾಗ, ವರ್ಷಕ್ಕೆ 25ಕ್ಕಿಂತ ಹೆಚ್ಚು ಇಂಥ ಆಪರೇಷನ್ ಮಾಡುವವರ ಕೈಯಲ್ಲಿ ತೊಡಕು ಕಡಿಮೆ ಎಂದು ಕಂಡುಬಂತು. ಅಲ್ಲೂ ಅರ್ಧಕ್ಕರ್ಧ ಸರ್ಜನ್‌ಗಳು ವರ್ಷಕ್ಕೆ ಒಂದನ್ನಷ್ಟೇ ಮಾಡುತ್ತಿದ್ದರು. ವರ್ಷಕ್ಕೆ ಎಷ್ಟು ಮಾಡುತ್ತೀರಿ ಡಾಕ್ಟ್ರೇ ಎಂದು ಮುಖ ನೋಡಿ ಕೇಳಿ. ಕೇಳಿದರೆ ಬೇಸರ ಮಾಡಿಕೊಂಡಾರು ಎಂಬ ಸಂಕೋಚ ನಮ್ಮ ಕಡೆಯವರಿಗೆ ಜಾಸ್ತಿ, ಅದನ್ನು ಬಿಡಿ ಮಾರಾಯ್ರೇ. ಆಪರೇಷನ್ನಿಗೆ ಮೊದಲೂ ಆಮೇಲೂ ಧ್ವನಿತಂತು ನೋಡುತ್ತಾರಾ, ಪೂರ್ತಿ ತೆಗೆದರೆ ಅದೇ ದಿನ ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷಿಸುತ್ತಾರಾ ಎಂದೂ ಕೇಳಿ.

ಮುಂದಿನ ವಾರದ ತಾರೀಕು ಮುಂದೆ ಹಾಕಿ. 7 ಮಿಲಿಮೀಟರಿನ ಪ್ಯಾಪಿಲ್ಲರಿ ಒಂದು ತಿಂಗಳಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ. ನಿಮ್ಮ ರಿಪೋರ್ಟಿನಲ್ಲಿ ಕತ್ತಿನ ಲಿಂಫ್ ಗ್ರಂಥಿಗಳ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಮೊದಲು ಆ ಸ್ಕ್ಯಾನ್ ಮಾಡಿಸಿ, ಗಂಟು ಗ್ರಂಥಿಯ ಮುಂಬದಿಯಲ್ಲಿದೆಯೋ ಶ್ವಾಸನಾಳದ ಕಡೆಗಿದೆಯೋ ಎಂದು ಬರೆಸಿಕೊಳ್ಳಿ. ಆ ರಿಪೋರ್ಟ್ ಹಿಡಿದುಕೊಂಡು ಇಬ್ಬರು ಸರ್ಜನ್‌ಗಳನ್ನು ಕಂಡು, ಅರ್ಧ ಸಾಕಾ ಎಂದು ನೀವಾಗಿಯೇ ಕೇಳಿ.